ಮರದ ಬುಡಕ್ಕೆ ಒಂದು ಮೀಟರ್ ಮಣ್ಣು ಬಿಡಿ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಹಾಗೆಯೇ ಮನೆ ಮುಂದೆ ಒಂದು ಮರ ಇರುವ ಎಲ್ಲ ಬೆಂಗಳೂರಿಗರಿಗೆ,

ನಮಸ್ಕಾರ.

ಕಳೆದ ವರ್ಷ ಮೇ ತಿಂಗಳ ಒಂದು ಸಂಜೆ ನಮ್ಮ ಬೀದಿಯ ಹೊಂಗೆ ಮರ ಬಿತ್ತು. ಮಳೆ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಮಣ್ಣಿನ ವಾಸನೆ ಬಂತು, ಒಂದು ಬೀಸು ಗಾಳಿ ಬಂತು, ನಾಲ್ಕು ದಪ್ಪ ಹನಿ ಬಿದ್ದವು, ಅಷ್ಟರಲ್ಲಿ ಆ ಸದ್ದು. ಮರ ಬೀಳುವುದನ್ನು ಹತ್ತಿರದಿಂದ ಕೇಳಿದವರಿಗೆ ಗೊತ್ತು. ಮೊದಲು ಲಟಲಟ ಅನ್ನುತ್ತದೆ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ನೆಲ ನಡುಗುತ್ತದೆ. ಓಡಿ ಬಂದು ನೋಡಿದರೆ ಎದುರು ಮನೆ ಅಣ್ಣನ ಆಟೊ ಮೇಲೆ ಮರ ಮಲಗಿತ್ತು. ಅವರು ಐದು ನಿಮಿಷ ಮುಂಚೆ ಗಾಡಿ ನಿಲ್ಲಿಸಿ ಕಾಫಿಗೆ ಅಂತ ಒಳಗೆ ಹೋಗಿದ್ದರು.

ಬೆಳಿಗ್ಗೆ ಮರ ಕತ್ತರಿಸುವವರು ಬಂದರು. ಕೊಂಬೆಗಳನ್ನೆಲ್ಲ ಲಾರಿಗೆ ತುಂಬಿಕೊಂಡು, ಬುಡವನ್ನು ಅಲ್ಲೇ ಬಿಟ್ಟು ಹೋದರು. ನಾನು ಆ ಬುಡದ ಪಕ್ಕ ಕೂತು ತುಂಬಾ ಹೊತ್ತು ನೋಡಿದೆ. ಕಾಂಡದ ಸುತ್ತ ಸಿಮೆಂಟು ಬಳೆಯ ಹಾಗೆ ಬಿಗಿದುಕೊಂಡಿತ್ತು. ತೊಗಟೆ ಆ ಬಳೆಯನ್ನು ನುಂಗಲು ನೋಡಿ, ಅರ್ಧ ನುಂಗಿ, ಅಲ್ಲಿಗೇ ನಿಂತಿತ್ತು. ಬಳೆಯ ಕೆಳಗೆ ಮರ ಕಪ್ಪಗೆ ಕೊಳೆತು, ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ಚರಂಡಿ ಕಡೆಯ ಬೇರುಗಳೆಲ್ಲ ಒಂದೇ ಗೆರೆಯಲ್ಲಿ ತುಂಡಾಗಿದ್ದವು, ದಾರ ಹಿಡಿದು ಕೊಯ್ದ ಹಾಗೆ. ಇನ್ನೊಂದು ಕಡೆ ಟಾರು ರಸ್ತೆ. ಅತ್ತ ಹೆಬ್ಬೆರಳು ಗಾತ್ರದ ಎರಡು ಬೇರು ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಸಿಮೆಂಟಿನ ಕೆಳಗೆ ಕೈ ಹಾಕಿ ಸ್ವಲ್ಪ ಮಣ್ಣು ತೆಗೆದೆ. ರಾತ್ರಿಯೆಲ್ಲ ಮಳೆ ಸುರಿದಿತ್ತು, ಆದರೂ ಆ ಮಣ್ಣು ಒಲೆಯ ಬೂದಿಯ ಹಾಗೆ ಒಣಗಿತ್ತು. ಮೂರು ಮಹಡಿ ಎತ್ತರದ ಮರ ಇಷ್ಟು ವರ್ಷ ಹೇಗೆ ನಿಂತಿತ್ತೋ ಅನ್ನಿಸಿತು.

ಆ ದಿನ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. 'ಹಳೇ ಮರ ಅಕ್ಕಾ, ಮೊದಲೇ ಕಡಿಸಬೇಕಿತ್ತು.' ವಾರ ಕಳೆಯುವುದರೊಳಗೆ ಪಕ್ಕದ ಎರಡು ಮರ ಕಡಿಸಲು ಅರ್ಜಿ ರೆಡಿಯಾಯಿತು. ನನ್ನ ಸಹಿಗೂ ಬಂದಿತ್ತು. ನಾನು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಅಂತ ಅವತ್ತು ಸರಿಯಾಗಿ ಹೇಳಲು ಬರಲಿಲ್ಲ. ಈಗ ಹೇಳುತ್ತಿದ್ದೇನೆ.

ಆ ಮರ ವಯಸ್ಸಾಗಿ ಬೀಳಲಿಲ್ಲ. ಅದರ ಕಾಲು ಕತ್ತರಿಸಿ, ಬಾಯಿ ಮುಚ್ಚಿ, ಆಮೇಲೆ ಬಿತ್ತು ಅಂತ ದೂರಿದೆವು. ಸಿಮೆಂಟು ಹಾಕಿದವರು ಯಾರು, ಬೇರು ಕೊಯ್ದವರು ಯಾರು ಅಂತ ಹೆಸರು ಹಿಡಿದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅದು ಒಬ್ಬರ ತಪ್ಪಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ನಾನು ಕೇಳುತ್ತಿರುವುದು ಒಂದೇ. ಬೆಂಗಳೂರಿನ ಪ್ರತಿ ಬೀದಿ ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಸಿಮೆಂಟು, ಟೈಲ್ಸು, ಟಾರು ಯಾವುದೂ ಇರಬಾರದು. ಬರೀ ಮಣ್ಣು ಇರಬೇಕು.

ಇದು ಸಣ್ಣ ವಿಷಯ ಅನ್ನಿಸಬಹುದು. ಊರಲ್ಲಿ ಕೆರೆ ನೊರೆ ಉಕ್ಕುತ್ತಿರುವಾಗ, ರಸ್ತೆ ಗುಂಡಿ ಬಿದ್ದಿರುವಾಗ ಮರದ ಬುಡದ ಮಾತು ಯಾಕೆ ಅಂತ ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ ಅಂತ ಕೇಳಿಕೊಳ್ಳುತ್ತೇನೆ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗಿರುವುದು ಕಡಿಮೆ. ಬಹುಪಾಲು ಮರಗಳ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳು ಹರಡಿದ್ದಕ್ಕಿಂತ ದೂರಕ್ಕೆ ಅಡ್ಡಡ್ಡ ಹರಡಿಕೊಂಡಿರುತ್ತವೆ. ನೀರು, ಗೊಬ್ಬರ ಹೀರುವ ಕೂದಲಿನಷ್ಟು ಸಣ್ಣ ಬೇರುಗಳಂತೂ ಇನ್ನೂ ಮೇಲೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಅದು ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯೇ ಅದರ ಉಸಿರು. ಮಣ್ಣನ್ನು ರೋಲರಿನಲ್ಲಿ ಒತ್ತಿ, ಮೇಲೆ ಜಲ್ಲಿ ಹಾಕಿ, ಅದರ ಮೇಲೆ ಕಾಂಕ್ರೀಟ್ ಸುರಿದರೆ ಆ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಮರ ಅವತ್ತೇ ಸಾಯುವುದಿಲ್ಲ. ಅದೇ ನಮಗೆ ಮೋಸ ಮಾಡುತ್ತಿರುವುದು. ನಾಲ್ಕೈದು ವರ್ಷ ಹಸಿರಾಗಿಯೇ ಕಾಣುತ್ತದೆ. ಆಮೇಲೆ ತುದಿಯ ಕೊಂಬೆಗಳು ಒಣಗುತ್ತವೆ. ಎಲೆ ಸಣ್ಣದಾಗುತ್ತದೆ. ಕಾಂಡಕ್ಕೆ ತಾಗಿದ ಸಿಮೆಂಟಿನ ಒಳಗೆ ತೇವ ನಿಂತು ಅಣಬೆ ಹುಟ್ಟುತ್ತದೆ. ಒಂದು ಮೇ ತಿಂಗಳಲ್ಲಿ ಗಾಳಿ ಬರುತ್ತದೆ, ಮರ ಬೀಳುತ್ತದೆ. ಆಗ ಕಾಂಕ್ರೀಟ್ ಹಾಕಿದ ದಿನ ಯಾರಿಗೂ ನೆನಪಿರುವುದಿಲ್ಲ, ಗಾಳಿ ಮಾತ್ರ ನೆನಪಿರುತ್ತದೆ.

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಬಿತ್ತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು 133 ವರ್ಷಗಳ ದಾಖಲೆ ಮುರಿಯಿತು. ಆ ಮಳೆಗೆ ಊರಿನ ತುಂಬಾ ನೂರಾರು ಮರ ಬಿದ್ದವು. ಅಷ್ಟು ಜೋರು ಮಳೆಗೆ ಗಟ್ಟಿ ಮರವೂ ಬೀಳಬಹುದು, ಒಪ್ಪುತ್ತೇನೆ. ಗುಲ್‌ಮೊಹರ್‌ನಂಥ ಮರಗಳ ಕೊಂಬೆ ಮೊದಲೇ ಪೆಳಸು. ಆದರೆ ಆ ವಾರ ನಾನು ಬಸ್ಸಿನಲ್ಲಿ ಹೋಗುವಾಗ ಬಿದ್ದ ಮರಗಳ ಬುಡವನ್ನೇ ನೋಡುತ್ತಾ ಹೋದೆ. ಎಷ್ಟೋ ಕಡೆ ಬೇರಿನ ಜೊತೆ ಫುಟ್‌ಪಾತ್ ಚಪ್ಪಡಿಯೂ ಎದ್ದು ನಿಂತಿತ್ತು.

ಈಗ ಬೀದಿ ಮರದ ಕೆಳಗೆ ಯಾರು ಇರುತ್ತಾರೆ ಅನ್ನುವ ಮಾತಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅದು.

ಬಿದ್ದ ಹೊಂಗೆಯ ಕೆಳಗೆ ಒಂದು ಇಸ್ತ್ರಿ ಗಾಡಿ ನಿಲ್ಲುತ್ತಿತ್ತು. ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ, ಮೇಲೆ ಏಪ್ರಿಲ್ ಬಿಸಿಲು, ನಡುವೆ ಆ ಮರ ಒಂದೇ. ಬೆಳಿಗ್ಗೆ ಹೂವಮ್ಮ ಅಲ್ಲೇ ಬುಟ್ಟಿ ಇಳಿಸಿ, ಕನಕಾಂಬರ ಕಟ್ಟುತ್ತಾ ಕೂರುತ್ತಿದ್ದಳು. ನೆರಳಿಲ್ಲದಿದ್ದರೆ ಮಲ್ಲಿಗೆ ಹತ್ತು ಗಂಟೆಗೇ ಬಾಡುತ್ತದೆ, ಬಾಡಿದ ಹೂವಿಗೆ ಅರ್ಧ ದುಡ್ಡು. ಮಧ್ಯಾಹ್ನ ಊಟದ ಪಾರ್ಸೆಲ್ ತರುವ ಹುಡುಗರು ಬೈಕಿನ ಮೇಲೆ ಕೂತೇ ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದರು. ಮೂರೂವರೆಗೆ ಶಾಲೆ ಮಕ್ಕಳ ವ್ಯಾನ್ ಕಾಯುವ ಅಜ್ಜಿಯರು. ಮರ ಹೋದ ಮೇಲೆ ಇಸ್ತ್ರಿ ಅಣ್ಣ ಒಂದು ನೀಲಿ ಟಾರ್ಪಾಲು ಕಟ್ಟಿಕೊಂಡರು. ಮಾರ್ಚ್ ತಿಂಗಳಲ್ಲಿ ಒಂದು ದಿನ 'ಹೆಂಗಿದೆ ಅಣ್ಣ' ಅಂತ ಕೇಳಿದೆ. 'ಮರ ಬಿಸಿಲು ಕುಡೀತಿತ್ತಮ್ಮ, ಇದು ಬಿಸಿಲು ಇಳಿಸ್ತದೆ' ಅಂದರು.

ಅವರು ಹೇಳಿದ್ದು ಅಳತೆಯಲ್ಲೂ ನಿಜ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಬೆಂಗಳೂರಿನ ಬೀದಿಗಳಲ್ಲೇ ಥರ್ಮಾಮೀಟರ್ ಹಿಡಿದು ಅಳೆದಿದ್ದಾರೆ, 2013ರಲ್ಲಿ ಅದು ಪ್ರಕಟವಾಗಿದೆ. ಮರ ಇರುವ ರಸ್ತೆಯ ತುಂಡಿನಲ್ಲಿ ಮಧ್ಯಾಹ್ನದ ಗಾಳಿ, ಮರ ಇಲ್ಲದ ತುಂಡಿಗಿಂತ 5.6 ಡಿಗ್ರಿವರೆಗೂ ತಂಪಾಗಿತ್ತು. ರಸ್ತೆಯ ಮೇಲ್ಮೈ 27.5 ಡಿಗ್ರಿವರೆಗೂ ತಂಪಾಗಿತ್ತು. ಇಪ್ಪತ್ತೇಳು ಡಿಗ್ರಿ ಅಂದರೆ ಬರಿಗಾಲಲ್ಲಿ ನಿಲ್ಲಬಹುದಾದ ನೆಲಕ್ಕೂ ಕಾಲು ಸುಡುವ ನೆಲಕ್ಕೂ ಇರುವ ವ್ಯತ್ಯಾಸ. ಗಾಳಿಯಲ್ಲಿನ ಗಂಧಕದ ಹೊಗೆ ಕೂಡ ಮರದ ಕೆಳಗೆ 65 ಪರ್ಸೆಂಟ್‌ವರೆಗೂ ಕಡಿಮೆ ಇತ್ತು. 2016ರ ಏಪ್ರಿಲ್ 24ರಂದು ಈ ಊರು 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನದಲ್ಲಿ ಎಸಿ ರೂಮಿನಲ್ಲಿ ಕೂತವರಿಗೆ ಮರ ಬರೀ ಚೆಂದ. ಬೀದಿಯಲ್ಲಿ ದುಡಿಯುವವರಿಗೆ ಅದು ಸೂರು.

ಆದರೆ ಮರ ಸುಮ್ನೆ ನಿಂತು ತಂಪು ಕೊಡುವುದಿಲ್ಲ. ನೆರಳು ಒಂದು ಪಾಲು, ಇನ್ನೊಂದು ಪಾಲು ಎಲೆಯಿಂದ ಆವಿಯಾಗುವ ನೀರು. ನಮ್ಮ ಮೈ ಬೆವರಿ ತಣ್ಣಗಾಗುವ ಹಾಗೆ ಮರ ಬೆವರಿ ಸುತ್ತಲ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಆ ನೀರು ಬೇರಿನಿಂದಲೇ ಬರಬೇಕು. ಬುಡಕ್ಕೆ ಸಿಮೆಂಟು ಹಾಕಿದ ಮರ ಬೇಸಿಗೆಯಲ್ಲಿ ಬೆವರಲಾರದೆ ಎಲೆ ಉದುರಿಸಿ ಕೂರುತ್ತದೆ. ನಮಗೆ ಅದು ಬೇಕಾದ ಹೊತ್ತಿಗೇ ಅದರ ಕೈ ಕಟ್ಟಿರುತ್ತೇವೆ.

ನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮರದ ಸುತ್ತ ಒಂದು ಮೀಟರ್ ಬಿಟ್ಟರೆ ಸಿಗುವ ಮಣ್ಣು ಹತ್ತಿರ ಹತ್ತಿರ ಮೂರು ಚದರ ಮೀಟರ್. ಬೆಂಗಳೂರಿಗೆ ವರ್ಷಕ್ಕೆ 900 ಮಿ.ಮೀ.ಗೂ ಜಾಸ್ತಿ ಮಳೆ ಬರುತ್ತದೆ. ಅಂದರೆ ಒಂದೊಂದು ಮರದ ಬುಡದ ಮೇಲೂ ವರ್ಷಕ್ಕೆ 2,500 ಲೀಟರಿಗೂ ಜಾಸ್ತಿ ನೀರು ಬೀಳುತ್ತದೆ. ಎರಡು ಮರ ಸೇರಿದರೆ ಒಂದು ಸಣ್ಣ ಟ್ಯಾಂಕರ್. ಈಗ ಅದು ಫುಟ್‌ಪಾತಿನಿಂದ ರಸ್ತೆಗೆ, ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ ಓಡಿ, ತಗ್ಗಿನ ಬಡಾವಣೆಗಳ ಮನೆಯೊಳಗೆ ನುಗ್ಗುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದು ಓಡಿದ್ದು ಇದೇ ಊರು. ಸುಮಾರು 100 ಕಿ.ಮೀ. ದೂರದ ಕಾವೇರಿಯನ್ನು ಪಂಪ್ ಮೇಲೆ ಪಂಪ್ ಇಟ್ಟು 500 ಮೀಟರಿನಷ್ಟು ಮೇಲಕ್ಕೆತ್ತಿ ತರುತ್ತೇವೆ, ತಲೆ ಮೇಲೆ ಬಿದ್ದ ನೀರನ್ನು ಮಾತ್ರ ಇಳಿಯಲು ಬಿಡುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೀಗೆ ಮಾಡುತ್ತಾರೆ ಅಂತ ನನಗೆ ಸಿಟ್ಟು ಇತ್ತು. ನನ್ನ ಅಣ್ಣ ಸಣ್ಣಪುಟ್ಟ ಸಿವಿಲ್ ಗುತ್ತಿಗೆ ಮಾಡುತ್ತಾನೆ. ಹಬ್ಬಕ್ಕೆ ಬಂದಾಗ ಅವನನ್ನೇ ಹಿಡಿದು ಕೇಳಿದೆ.

'ನೋಡು, ನಮ್ಗೆ ಬಿಲ್ಲು ಆಗೋದು ಚದರ ಮೀಟರ್ ಲೆಕ್ಕದಲ್ಲಿ. ಮರದ ಸುತ್ತ ಬಿಟ್ರೆ ಅಷ್ಟು ಅಳತೆ ಕಮ್ಮಿ. ಅದೂ ಅಲ್ಲದೆ ಮರದ ಸುತ್ತ ಗುಂಡಗೆ ಬಿಟ್ಟು ಅಂಚು ಕಟ್ಟೋದಕ್ಕೆ ಕೂಲಿ ಜಾಸ್ತಿ. ಎಸ್ಟಿಮೇಟಲ್ಲಿ ಬರ್ದಿದ್ರೆ ಬಿಡ್ತೀವಿ. ಬರ್ದಿಲ್ಲ, ಮುಚ್ಚಿ ಹೋಗ್ತೀವಿ' ಅಂದ.

ಅವನು ಕೆಟ್ಟವನಲ್ಲ. ಊರಲ್ಲಿ ಅಪ್ಪ ಹಾಕಿದ ತೆಂಗಿಗೆ ಇವತ್ತೂ ತಾನೇ ಪಾತಿ ಮಾಡಿ ನೀರು ಬಿಡುತ್ತಾನೆ. ಅದೇ ಕೈ ಇಲ್ಲಿ ಬಂದು ಮರದ ಕುತ್ತಿಗೆವರೆಗೂ ಕಾಂಕ್ರೀಟ್ ಸುರಿಯುತ್ತದೆ, ಯಾಕೆಂದರೆ ಕಾಗದದಲ್ಲಿ ಮರದ ಬುಡಕ್ಕೆ ಒಂದು ಸಾಲಿಲ್ಲ. ಅವನ ಮಾತು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಒಂದು ಸಾಲು ಬರೆದರೆ ಸರಿಹೋಗುವ ವಿಷಯ ಇದು ಅನ್ನಿಸಿತು. ಆ ಸಾಲು ಬರೆಯುವ ಪೆನ್ನು ನಿಮ್ಮ ಹತ್ತಿರ ಇದೆ.

ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ದರೆ ಪ್ರಾಮಾಣಿಕವಾಗುವುದಿಲ್ಲ. ನಮ್ಮ ಮನೆ ಗೇಟಿನ ಮುಂದೆ ಕಾರು ಹತ್ತಿಸಲು ಇಳಿಜಾರು ಮಾಡಿಸಿದ್ದು ನಾವೇ. ಗೇಟಿನ ಬಲಕ್ಕಿದ್ದ ಮರದ ಬುಡಕ್ಕೆ ಟೈಲ್ಸ್ ಹಾಕಿಸಿದ್ದೂ ನಾವೇ, ಗುಡಿಸಲು ಸುಲಭ ಅಂತ. ಎಲೆ ಬಿದ್ದರೆ ಗಲೀಜು ಅನ್ನುವವರು ಪ್ರತಿ ಬೀದಿಯಲ್ಲೂ ಇದ್ದೇವೆ. ಈ ಪತ್ರ ನಿಮಗೆ ಎಷ್ಟು ಬರೆದದ್ದೋ ನಮಗೂ ಅಷ್ಟೇ.

ಹಿಂದಿನವರಿಗೆ ಇದು ಗೊತ್ತಿತ್ತು. ಯಾವ ಊರಿನ ಅರಳಿಕಟ್ಟೆ ಬೇಕಾದರೂ ನೆನಪಿಸಿಕೊಳ್ಳಿ. ಅರಳಿ, ಬೇವು ಜೊತೆಗೆ ನೆಟ್ಟು ಮದುವೆ ಮಾಡಿ, ಸುತ್ತ ಕಲ್ಲು ಜೋಡಿಸಿ, ಒಳಗೆ ಮಣ್ಣು ತುಂಬುತ್ತಿದ್ದರು. ಕಲ್ಲಿಗೆ ಕಲ್ಲು ಅಂಟಿಸುತ್ತಿರಲಿಲ್ಲ. ನಾಗರಕಲ್ಲಿಗೆ ಎರೆದ ನೀರು, ಹಾಲು ಎಲ್ಲ ಸಂದಿಯಿಂದ ಇಳಿದು ಬೇರಿಗೇ ಹೋಗುತ್ತಿತ್ತು. ಕೂರಲು ಜಾಗ ಆಯಿತು, ಪೂಜೆ ಆಯಿತು, ಪಂಚಾಯ್ತಿ ಆಯಿತು, ಮರಕ್ಕೂ ಉಸಿರು ಉಳಿಯಿತು. ಈಗ ಅದೇ ಕಟ್ಟೆಗಳಿಗೆ ಭಕ್ತಿಯಿಂದ ಗ್ರಾನೈಟ್ ಹಾಸುತ್ತಿದ್ದೇವೆ, ಕಾಂಡಕ್ಕೆ ತಾಗುವ ಹಾಗೆ. ಅಷ್ಟು ಭಕ್ತಿ ಇರುವವರಿಗೆ ಒಂದು ಮಾತು ಹೇಳಿದರೆ ಒಂದಡಿ ಬಿಡುತ್ತಾರೆ ಅನ್ನುವ ನಂಬಿಕೆ ನನಗಿದೆ. ಹೇಳುವವರು ಬೇಕು.

ಬೆಂಗಳೂರಿನ ಮರಗಳೇನು ತಾವಾಗಿ ಬೆಳೆದ ಕಾಡಲ್ಲ. ಒಬ್ಬೊಬ್ಬರು ಯೋಚನೆ ಮಾಡಿ ನೆಟ್ಟದ್ದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್, ಒಂದು ರಸ್ತೆಯ ಹೂವು ಮುಗಿಯುವಾಗ ಇನ್ನೊಂದು ರಸ್ತೆಯಲ್ಲಿ ಶುರುವಾಗಬೇಕು, ವರ್ಷವಿಡೀ ಊರಲ್ಲಿ ಎಲ್ಲಾದರೂ ಒಂದು ಕಡೆ ಹೂವಿರಬೇಕು ಅಂತ ಮರ ಆರಿಸಿದರು. ಜನವರಿಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಮಾರ್ಚ್‌ನಲ್ಲಿ ನೇರಳೆ ಬಣ್ಣದ ಜಕರಂಡ, ಏಪ್ರಿಲ್ ಮೇನಲ್ಲಿ ಕೆಂಪು ಗುಲ್‌ಮೊಹರ್, ಚಳಿಗಾಲದ ಹೊತ್ತಿಗೆ ಆಕಾಶ ಮಲ್ಲಿಗೆ ಹೀಗೆ ಇವತ್ತಿಗೂ ಒಂದರ ಹಿಂದೆ ಒಂದು ಬರುತ್ತಿರುವುದರ ಹಿಂದೆ ಆ ಯೋಚನೆ ಇದೆ. 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳರು ಹೊಸ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ನಮ್ಮ ಬೀದಿಯ ಹೊಂಗೆಗಳು ಆ ಕಾಲದವೇ ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. ಮಾಗಡಿ ಕಡೆ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು 385 ಆಲದ ಮರ ಬೆಳೆಸಿದರು. 2019ರಲ್ಲಿ ರಸ್ತೆ ಅಗಲ ಮಾಡಲು ಹೊರಟಾಗ, ನನ್ನ ಮರ ಕಡಿಯಬೇಡಿ ಅಂತ ಮುಖ್ಯಮಂತ್ರಿಗಳ ಹತ್ತಿರ ಹೋಗಿ ಕೇಳಿಕೊಂಡರು. ಅವರು 2025ರ ನವೆಂಬರ್‌ನಲ್ಲಿ ತೀರಿಕೊಂಡಾಗ ನಾವೆಲ್ಲ ಅವರ ಫೋಟೊ ಹಾಕಿಕೊಂಡೆವು. ಅವರು ನೀರು ಹೊಯ್ದದ್ದು ಮರದ ಬುಡಕ್ಕೆ. ಆ ಬುಡವನ್ನೇ ನಾವು ಮುಚ್ಚುತ್ತಿದ್ದೇವಲ್ಲ ಅಂತ ಅವತ್ತು ನನಗೆ ತುಂಬಾ ಸಂಕಟವಾಯಿತು.

ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಏನಾದರೂ ಆಗುತ್ತದೆ ಅಂದರೆ ಊರೇ ಎದ್ದು ನಿಲ್ಲುತ್ತದೆ. 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಸೇತುವೆ ಬೇಡ, 812 ಮರ ಹೋಗುತ್ತವೆ ಅಂತ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅದು ನಮ್ಮ ಹೆಮ್ಮೆ. ಕಾನೂನೂ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, 50ಕ್ಕಿಂತ ಜಾಸ್ತಿ ಮರ ಆದರೆ ಜನರ ಆಕ್ಷೇಪಣೆ ಕೇಳಬೇಕು. ಆದರೆ ಒಂದು ಬೀದಿಯ ಒಂದು ಮರದ ಬುಡಕ್ಕೆ ಸಿಮೆಂಟು ಸುರಿಯುವಾಗ ಯಾರೂ ಯಾರನ್ನೂ ಕೇಳುವುದಿಲ್ಲ. ಕೈ ಕೈ ಹಿಡಿದು ನಿಲ್ಲಲು ಅಲ್ಲಿ ಯಾರೂ ಬರುವುದಿಲ್ಲ. ಪಾರ್ಕಿಗೆ ಬೇಲಿ ಇದೆ, ಗೇಟಿದೆ, ಮುಚ್ಚುವ ಹೊತ್ತಿದೆ. ಮಧ್ಯಾಹ್ನ ಎಷ್ಟೋ ಪಾರ್ಕಿಗೆ ಬೀಗ ಹಾಕಿರುವುದನ್ನು ನೋಡಿದ್ದೇನೆ. ಬೀಗ ಇಲ್ಲದ ಪಾರ್ಕು ಬೀದಿ ಮರ ಒಂದೇ.

ಮನುಷ್ಯರಿಗೆ ಮಾತ್ರ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇವತ್ತೂ ಕಾಡುಪಾಪ ಇದೆ. ರಾತ್ರಿ ಓಡಾಡುವ, ದೊಡ್ಡ ಕಣ್ಣಿನ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪ್ರಾಣಿ. ಅದಕ್ಕೆ ಮಂಗನ ಹಾಗೆ ಹಾರಲು ಬರುವುದಿಲ್ಲ. ಒಂದು ಕೊಂಬೆ ಬಿಡದೆ ಇನ್ನೊಂದು ಕೊಂಬೆ ಹಿಡಿದು ನಿಧಾನವಾಗಿ ದಾಟುತ್ತದೆ. ಎರಡು ಮರದ ನಡುವೆ ಒಂದು ಮರ ಬಿದ್ದರೆ ಅದಕ್ಕೆ ಸೇತುವೆ ಮುರಿದ ಹಾಗೆ. ನೆಲಕ್ಕಿಳಿದರೆ ನಾಯಿ, ತಂತಿ ಹಿಡಿದರೆ ಕರೆಂಟು. ಒಂದೇ ಒಂದು ಮರ ಅಲ್ವಾ ಹೋದರೆ ಹೋಗಲಿ ಅನ್ನುವ ಮಾತು ಬಂದಾಗಲೆಲ್ಲ ನನಗೆ ಆ ಪ್ರಾಣಿಯ ಕೈ ನೆನಪಾಗುತ್ತದೆ.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲೇ ದೆಹಲಿಯ ಸಂಸ್ಥೆಗಳಿಗೆ ಆದೇಶ ಮಾಡಿದೆ. ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಿರಿ, ಮರಕ್ಕೆ ಹೊಡೆದ ಬೋರ್ಡು, ಸುತ್ತಿದ ವೈರು ತೆಗೆಯಿರಿ ಅಂತ. ಅದನ್ನೇ ಇಲ್ಲಿ ಮಾಡಿ ಅಂತ ಕೇಳುತ್ತಿದ್ದೇನೆ.

ಮಾಡಿದರೆ ಏನಾಗುತ್ತದೆ ಅಂತ ನಮ್ಮ ಬೀದಿಯಲ್ಲೇ ನೋಡಿದ್ದೇವೆ. ಕಡಿಸಲು ಅರ್ಜಿ ಬರೆದಿಟ್ಟಿದ್ದ ಎರಡು ಮರಗಳಲ್ಲಿ ಒಂದು, ನಮ್ಮ ಗೇಟಿನ ಬಲಕ್ಕಿದ್ದ ಅದೇ ಹೊಂಗೆ. ತುದಿ ಒಣಗಿತ್ತು. ಅರ್ಜಿ ಕೊಡುವ ಮುಂಚೆ ಒಂದು ವರ್ಷ ಕೊಡಿ ಅಂತ ಬೀದಿಯವರನ್ನು ಕೇಳಿಕೊಂಡೆ. ಆಟೊ ಜಖಂ ಆಗಿದ್ದ ಎದುರು ಮನೆ ಅಣ್ಣ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರೇ ಹಾರೆ ತಂದರು. ವಾರ್ಡಿನ ಇಂಜಿನಿಯರನ್ನು ಕೇಳಿ, ಕೆಳಗೆ ಕೇಬಲ್, ನೀರಿನ ಪೈಪು ಎಲ್ಲಿದೆ ಅಂತ ನೋಡಿಕೊಂಡು, ಜೂನ್‌ನ ಒಂದು ಭಾನುವಾರ ನಾಲ್ಕು ಜನ ಸೇರಿ ಟೈಲ್ಸ್, ಸಿಮೆಂಟು ಒಡೆದೆವು. ಕಾಂಡದ ಹತ್ತಿರ ಹಾರೆ ಬಳಸಲಿಲ್ಲ, ಉಳಿ ಸುತ್ತಿಗೆಯಲ್ಲಿ ಚೂರು ಚೂರೇ ಬಿಡಿಸಿದೆವು. ಒಂದೂವರೆ ಗಂಟೆಯ ಕೆಲಸ. ಕೆಳಗಿನ ಮಣ್ಣಿನಲ್ಲಿ ಒಂದು ಎರೆಹುಳ ಇರಲಿಲ್ಲ, ಒಂದು ಇರುವೆ ಇರಲಿಲ್ಲ. ಮೇಲಿನ ಗಟ್ಟಿ ಪದರ ಕೈಯಿಂದ ಸಡಿಲ ಮಾಡಿ, ಆ ಮರದ್ದೇ ಒಣಗಿದ ಎಲೆ ಹೊದಿಸಿದೆವು. ಆ ರಾತ್ರಿ ಮಳೆ ಬಂತು. ಟಾರ್ಚ್ ಹಿಡಿದು ಹೋಗಿ ನೋಡಿದೆ. ಮೊದಲು ನೀರು ಕೆರೆಯ ಹಾಗೆ ನಿಂತಿತು. ಆಮೇಲೆ ಒಂದೊಂದೇ ಗುಳ್ಳೆ ಮೇಲೆ ಬರತೊಡಗಿತು. ಸುಮಾರು ಹೊತ್ತಾದ ಮೇಲೆ ಗುಳುಕ್ ಅಂತ ಪೂರ್ತಿ ಇಳಿಯಿತು. ಎಷ್ಟೋ ವರ್ಷದಿಂದ ಬಾಯಾರಿದವರು ಕುಡಿದ ಸದ್ದು ಅದು.

ಗಣಪತಿ ಹಬ್ಬದ ಹೊತ್ತಿಗೆ ಎರೆಹುಳ ಬಂದಿದ್ದವು, ಎಲ್ಲಿಂದ ಬಂದವೋ. ಈ ಯುಗಾದಿಗೆ ಮರ ಎಲ್ಲ ಎಲೆ ಉದುರಿಸಿ, ಎಂದಿನಂತೆ ವಾರದೊಳಗೆ ಮತ್ತೆ ಚಿಗುರಿತು. ಒಣಗಿದ ತುದಿ ಒಣಗಿಯೇ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಕೆಳಗಿನ ಕೊಂಬೆಯಲ್ಲಿ ಹಿಂದಿನ ಎರಡು ವರ್ಷ ಇಲ್ಲದ ಚಿಗುರು ಬಂದಿದೆ. ಎಲೆ ಅಗಲವಾಗಿದೆ. ಅರ್ಜಿಯ ಮಾತು ಈಗ ಯಾರೂ ಎತ್ತುತ್ತಿಲ್ಲ.

ಹಾಗಾಗಿ ನನ್ನ ಬೇಡಿಕೆ ಬಿಡಿಸಿ ಹೇಳುತ್ತೇನೆ. ಫುಟ್‌ಪಾತ್, ರಸ್ತೆ, ಚರಂಡಿ ಯಾವ ಕೆಲಸದ ಎಸ್ಟಿಮೇಟ್ ಆದರೂ ಮರದ ಬುಡಕ್ಕೆ ಒಂದು ಮೀಟರ್ ಬಿಡುವುದು ಅದರಲ್ಲಿ ಒಂದು ಐಟಂ ಆಗಿ ಇರಲಿ, ಅಂಚು ಕಟ್ಟುವ ಕೂಲಿಗೆ ದರವೂ ಇರಲಿ. ಬಿಟ್ಟವರಿಗೆ ದುಡ್ಡು ಸಿಕ್ಕರೆ ಬಿಡುತ್ತಾರೆ, ನನ್ನ ಅಣ್ಣನ ಮಾತು ಅದು. ಕೆಲಸ ಮುಗಿದ ಮೇಲೆ ಪ್ರತಿ ಮರದ ಬುಡದ ಫೋಟೊ ಇಲ್ಲದೆ ಬಿಲ್ ಪಾಸ್ ಆಗದಿರಲಿ. ಕೇಬಲ್, ಗ್ಯಾಸ್ ಪೈಪು, ಚರಂಡಿಗೆ ಅಗೆಯುವಾಗ ಬೇರು ಅಡ್ಡ ಬಂದರೆ ಜೆಸಿಬಿ ನಿಲ್ಲಿಸಿ, ಅರಣ್ಯ ವಿಭಾಗದವರನ್ನು ಕರೆದು ತೋರಿಸಲಿ. ಒಂದು ಕಡೆಯ ಬೇರು ಪೂರ್ತಿ ಕೊಯ್ದ ಮರ ಇನ್ನೊಂದು ಕಡೆಗೆ ಬೀಳುತ್ತದೆ, ಇವತ್ತಲ್ಲದಿದ್ದರೆ ನಾಳೆ. ಕರೆಂಟ್ ತಂತಿಗೆ ಅಂತ ಕೊಂಬೆ ಕಡಿಯುವಾಗಲೂ ಇದೇ ಮಾತು. ಒಂದೇ ಮಗ್ಗುಲು ಬೋಳಿಸಿದರೆ ಮರ ಒಂದು ಕಡೆಗೆ ವಾಲುತ್ತದೆ. ಈಗಾಗಲೇ ಸಿಮೆಂಟು ಕಟ್ಟಿಕೊಂಡ ಮರಗಳನ್ನು ಬಿಡಿಸುವ ಕೆಲಸ ಮುಂಗಾರಿಗೆ ಮುಂಚೆ ಶುರುವಾಗಲಿ, ಮೊದಲು ಶಾಲೆ, ಆಸ್ಪತ್ರೆ, ಬಸ್ ಸ್ಟಾಪ್, ಮಾರ್ಕೆಟ್ ಹತ್ತಿರದವು.

ಫುಟ್‌ಪಾತ್ ಮೊದಲೇ ಕಿರಿದು, ಮಣ್ಣು ಬಿಟ್ಟರೆ ನಡೆಯುವವರಿಗೆ ತೊಂದರೆ ಅನ್ನುವವರಿದ್ದಾರೆ. ನಿಜ. ನನ್ನ ತಾಯಿ ಕೋಲು ಊರಿಕೊಂಡು ನಡೆಯುತ್ತಾರೆ, ಅವರು ಎಡವಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅಂಥ ಕಡೆ ಮಣ್ಣಿನ ಮೇಲೆ ನೆಲದ ಮಟ್ಟಕ್ಕೆ ಕಬ್ಬಿಣದ ಜಾಲರಿ ಹಾಕಬಹುದು, ಅಥವಾ ದಪ್ಪ ಜಲ್ಲಿ ಸಡಿಲವಾಗಿ ತುಂಬಬಹುದು. ನೀರೂ ಇಳಿಯುತ್ತದೆ, ಗಾಳಿಯೂ ಆಡುತ್ತದೆ, ಕಾಲೂ ಸಿಕ್ಕಿಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ ಬೇರು ಕೆಳಗಿನಿಂದ ಒತ್ತಿ ಎಬ್ಬಿಸಿದ ಚಪ್ಪಡಿಗೇ ನನ್ನ ತಾಯಿ ಒಮ್ಮೆ ಎಡವಿದ್ದು.

ಹಳೆಯ ಒಂದು ಪಾಲಿಕೆ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು ಬಂದಿವೆ. ಹೊಸ ಕಚೇರಿ, ಹೊಸ ಫೈಲು. ಹೊಸ ನಿಯಮ ಬರೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಐವರಲ್ಲಿ ಯಾರಾದರೂ ಒಬ್ಬರು ಮೊದಲು ಮಾಡಿ, ಉಳಿದ ನಾಲ್ವರು ನೋಡಿ ಮಾಡುತ್ತಾರೆ.

ನಮ್ಮ ಬೀದಿಯಲ್ಲಿ ಇನ್ನೂ ಏಳು ಮರ ಸಿಮೆಂಟಿನಲ್ಲೇ ಇವೆ. ಮೂಲೆಯ ಬೇವಿನ ಮರದ್ದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ, ಸಿಮೆಂಟು ತೊಗಟೆಯೊಳಗೆ ಮೂರು ಬೆರಳು ಇಳಿದಿದೆ. ಇಸ್ತ್ರಿ ಗಾಡಿ ಈಗ ಅದರ ಕೆಳಗೆ ಹೋಗಿದೆ. ಅದನ್ನು ನಾವಾಗಿ ಬಿಡಿಸಲು ಧೈರ್ಯ ಬರುತ್ತಿಲ್ಲ, ಕೆಳಗೆ ವಿದ್ಯುತ್ ಕೇಬಲ್ ಇದೆಯಂತೆ. ತಿಳಿದವರು ಒಬ್ಬರನ್ನು ಕಳಿಸಿಕೊಡಿ. ಭಾನುವಾರವಾದರೂ ಸರಿ, ಬೆಳಿಗ್ಗೆ ಆರಕ್ಕಾದರೂ ಸರಿ. ಹಾರೆ, ಉಳಿ, ಸುತ್ತಿಗೆ ನಮ್ಮ ಹತ್ತಿರ ಇವೆ, ಕೈ ಹಾಕಲು ನಾಲ್ಕು ಜನರೂ ಇದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರು ದಕ್ಷಿಣದ ಒಬ್ಬ ನಿವಾಸಿ